ಕೈಯಲ್ಲಿ ಹಣ ಕಡಿಮೆ ಇದ್ದವರ ಮೊದಲ ಬಾಡಿಗೆ ಮನೆ: ಲೆಕ್ಕ ಹಾಕುವುದರಿಂದ ಬೀಗದ ಕೈ ಕೊಡುವವರೆಗೆ

‘ಸಾಲ ಮಾಡಿ ಮನೆ ಕೊಂಡು ಬಾಡಿಗೆಗೆ ಕೊಡಿ, ಬಾಡಿಗೆಯೇ ಇಎಂಐ (ಸಾಲದ ತಿಂಗಳ ಕಂತು) ಕಟ್ಟಿಕೊಂಡು ಹೋಗುತ್ತದೆ’ ಎಂದು ಮಧ್ಯವರ್ತಿಗಳು ಹೇಳುತ್ತಾರೆ, ನೆಂಟರು ಹೇಳುತ್ತಾರೆ. ಕರ್ನಾಟಕದ ಯಾವುದೇ ನಗರದ ಒಂದು ಫ್ಲ್ಯಾಟಿನ ಬೆಲೆಯನ್ನೂ ಅದಕ್ಕೆ ಬರುವ ಬಾಡಿಗೆಯನ್ನೂ ಅಕ್ಕಪಕ್ಕ ಬರೆದು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ವರ್ಷದ ಬಾಡಿಗೆ ಸಾಮಾನ್ಯವಾಗಿ ಬೆಲೆಯ ಶೇ 3ರ ಆಸುಪಾಸಿನಲ್ಲಿರುತ್ತದೆ. ಗೃಹಸಾಲದ ಬಡ್ಡಿ ಅದರ ಎರಡು ಪಟ್ಟಿಗೂ ಹೆಚ್ಚು. ನಡುವಿನ ಅಂತರವನ್ನು ತಿಂಗಳು ತಿಂಗಳೂ ನಿಮ್ಮ ಸಂಬಳವೇ ತುಂಬಬೇಕು.

ಹತ್ತರಿಂದ ಹದಿನೈದು ಲಕ್ಷ ಉಳಿತಾಯ, ತಿಂಗಳಿಗೊಂದು ಸಂಬಳ, ಇವಿಷ್ಟನ್ನೇ ನಂಬಿ ಬಾಡಿಗೆಗೆ ಕೊಡಲೆಂದು ಮೊದಲ ಮನೆ ಕೊಳ್ಳಲು ಹೊರಟವರಿಗಾಗಿ ಇದನ್ನು ಬರೆದಿದ್ದೇನೆ. ಮನೆಯ ಬೆಲೆ ಏರುತ್ತದೆಯೋ ಇಲ್ಲವೋ ಎಂಬ ಚರ್ಚೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಬೆಲೆ ಏರಿದರೂ ಅದರ ಫಲ ಸಿಗುವುದು ಮನೆಯನ್ನು ಅಲ್ಲಿಯವರೆಗೆ ಉಳಿಸಿಕೊಂಡವರಿಗೆ. ಅವಸರದಲ್ಲಿ ಮಾರಬೇಕಾಗಿ ಬಂದವರಲ್ಲಿ ಹೆಚ್ಚಿನವರ ಬಳಿ ಆಸ್ತಿ ಇತ್ತು, ನಗದು ಇರಲಿಲ್ಲ.

ಹಂತ 1: ಮನೆ ನೋಡುವ ಮೊದಲು ಹಣವನ್ನು ಬೇರ್ಪಡಿಸಿ

ಇರುವ ಉಳಿತಾಯವನ್ನು ಮೂರು ಪಾಲು ಮಾಡಿ. ಮೊದಲ ಪಾಲು ನಿಮ್ಮ ಸಂಸಾರದ್ದು: ಕೆಲಸ ಹೋದರೆ, ಆಸ್ಪತ್ರೆ ಸೇರಿದರೆ ಆರು ತಿಂಗಳು ಮನೆ ನಡೆಯುವಷ್ಟು. ಎರಡನೆಯದು ಕೊಳ್ಳಲಿರುವ ಮನೆಯ ಮೀಸಲು: ಕನಿಷ್ಠ ಆರು ಇಎಂಐ ಮತ್ತು ಒಂದು ದೊಡ್ಡ ರಿಪೇರಿಯ ಖರ್ಚು. ಇವೆರಡನ್ನೂ ತೆಗೆದಿಟ್ಟ ಮೇಲೆ ಉಳಿದದ್ದು ಮಾತ್ರ ಖರೀದಿಯ ಹಣ. ಬಹಳ ಜನ ಈ ಕ್ರಮವನ್ನು ತಿರುಗಿಸುತ್ತಾರೆ. ಇದ್ದದ್ದೆಲ್ಲವನ್ನೂ ಮನೆಗೆ ಹಾಕಿ, ಮೀಸಲನ್ನು ಮುಂದಿನ ಸಂಬಳದಿಂದ ಕಟ್ಟುತ್ತೇವೆ ಎನ್ನುತ್ತಾರೆ. ಮುಂದಿನ ಸಂಬಳದಿಂದ ಇಎಂಐ ಹೋಗುತ್ತದೆ, ಅಷ್ಟೆ.

ಮೀಸಲು ಹಣವನ್ನು ಬ್ಯಾಂಕಿನ ಎಫ್‌ಡಿಯಲ್ಲಿ ಅಥವಾ ಬೇರೆ ಉಳಿತಾಯ ಖಾತೆಯಲ್ಲಿ ಇಡಿ. ಪತ್ತಿನ ಸಹಕಾರ ಸಂಘಗಳು ಒಂದೆರಡು ಶೇಕಡಾ ಹೆಚ್ಚು ಬಡ್ಡಿ ಕೊಡಬಹುದು. ಆದರೆ 5 ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಸೇರಿದಂತೆ, ಅನ್ವಯಿಸುತ್ತದೆಯೇ ಹೊರತು ಪತ್ತಿನ ಸಂಘಗಳಿಗಲ್ಲ. ತುರ್ತಿಗೆಂದು ಇಟ್ಟ ಹಣ ತುರ್ತಿನ ದಿನ ಸಿಗದಿದ್ದರೆ ಆ ಹೆಚ್ಚುವರಿ ಬಡ್ಡಿಗೆ ಅರ್ಥವಿಲ್ಲ.

ಚೀಟಿ ಕಟ್ಟುತ್ತಿರುವವರಿಗೆ ಒಂದು ಮಾತು. ಇನ್ನೂ ಎತ್ತದ ಚೀಟಿಯನ್ನು ಕೈಯಲ್ಲಿರುವ ಹಣವೆಂದು ಎಣಿಸಬೇಡಿ. ಹರಾಜಿನಲ್ಲಿ ಎಷ್ಟು ಬಿಟ್ಟುಕೊಡಬೇಕಾಗುತ್ತದೆ ಎಂಬುದು ಆ ತಿಂಗಳು ಯಾರ್‍ಯಾರಿಗೆ ಅವಸರವಿದೆ ಎಂಬುದನ್ನು ಅವಲಂಬಿಸಿದೆ. ಎತ್ತಿದ ಮೇಲೂ ಉಳಿದ ಕಂತುಗಳು ಇಎಂಐ ಜೊತೆಗೇ ನಿಮ್ಮ ತಲೆಯ ಮೇಲಿರುತ್ತವೆ. ಮುಂಗಡ ಹಣಕ್ಕೆಂದು ವೈಯಕ್ತಿಕ ಸಾಲ ತೆಗೆಯುವುದಂತೂ ಬೇಡವೇ ಬೇಡ.

ಹಂತ 2: ‘ಎಂಟು ಲಕ್ಷ ಸಾಕು’ ಎಂಬ ಲೆಕ್ಕವನ್ನು ಪೂರ್ತಿ ಬರೆಯಿರಿ

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ 90ರವರೆಗೆ ಇರಬಹುದು. 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕಿಂತ ಮೇಲೆ ಶೇ 75. ಇದು ಗರಿಷ್ಠ ಮಿತಿ. ಬ್ಯಾಂಕು ಅಷ್ಟು ಕೊಡಲೇಬೇಕೆಂದಿಲ್ಲ. 10 ಲಕ್ಷದೊಳಗಿನ ಮನೆಗಳನ್ನು ಬಿಟ್ಟರೆ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕಗಳು ಈ ಮೌಲ್ಯದಲ್ಲಿ ಸೇರುವುದಿಲ್ಲ. ಅಂದರೆ ಅವೆರಡೂ ನೇರವಾಗಿ ನಿಮ್ಮ ಜೇಬಿನಿಂದಲೇ ಹೋಗಬೇಕು.

ನಗರವೊಂದರಲ್ಲಿ ಒಬ್ಬರು ಇದ್ದು ಬಿಟ್ಟ, 40 ಲಕ್ಷದ ಎರಡು ಕೋಣೆಯ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ಬ್ಯಾಂಕು ಶೇ 80, ಅಂದರೆ 32 ಲಕ್ಷ ಕೊಟ್ಟಿತು. ನಿಮ್ಮ ಪಾಲು 8 ಲಕ್ಷ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರ ಪ್ರದೇಶದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಒಟ್ಟು ಶೇ 7.6, ಅಂದರೆ 3,04,000 ರೂಪಾಯಿ. ಮಧ್ಯವರ್ತಿಗೆ ಶೇ 1 ಎಂದರೂ 40,000. ವಕೀಲರ ಅಭಿಪ್ರಾಯ, ಸಾಲದ ಸಂಸ್ಕರಣಾ ಶುಲ್ಕ, ಅಡಮಾನ ಪತ್ರ ಇವಕ್ಕೆ ಇನ್ನೊಂದು 40,000 ಹಿಡಿಯಿರಿ. ಬಣ್ಣ, ನಲ್ಲಿ, ವೈರಿಂಗ್, ಶೌಚಾಲಯದ ಸೋರಿಕೆ: ಒಂದು ಲಕ್ಷ. ಎಲ್ಲ ಕೂಡಿಸಿದರೆ 12,84,000. ಎರಡು ಲಕ್ಷದ ಮೀಸಲನ್ನೂ ಸೇರಿಸಿದರೆ 15 ಲಕ್ಷಕ್ಕೆ ಹತ್ತಿರ.

ಇದೇ ಲೆಕ್ಕವನ್ನು ಹಿಂದಿನಿಂದ ಹಾಕಿ. ಸಂಸಾರದ ಪಾಲು ತೆಗೆದ ಮೇಲೆ ಹತ್ತು ಲಕ್ಷ ಉಳಿದಿದ್ದರೆ, ಎರಡು ಲಕ್ಷ ಮೀಸಲು, ಒಂದು ಲಕ್ಷ ರಿಪೇರಿ ಕಳೆದು ಏಳು ಲಕ್ಷ. ಬೆಲೆಯ ಸುಮಾರು ಶೇ 30ರಷ್ಟು ಕೈಯಿಂದ ಹೋಗುವುದರಿಂದ ನಿಮ್ಮ ಮಿತಿ 23–24 ಲಕ್ಷದ ಮನೆ. ಆ ಬೆಲೆಗೆ ಬೆಂಗಳೂರಿನ ಒಳಭಾಗದಲ್ಲಿ ಒಳ್ಳೆಯ ಮನೆ ಸಿಗುವುದಿಲ್ಲ ಎಂಬುದು ನಿಜ. ಹಾಗಾದರೆ ಊರು ಬದಲಾಗಬೇಕು, ಅಥವಾ ಇನ್ನೆರಡು ವರ್ಷ ಕಾಯಬೇಕು. ಮೀಸಲನ್ನು ಕತ್ತರಿಸುವುದು ಮೂರನೆಯ ದಾರಿಯಲ್ಲ.

ಎರಡು ಸಣ್ಣ ವಿವರಗಳು ಲೆಕ್ಕವನ್ನು ಬದಲಿಸಬಲ್ಲವು. ಮೊದಲ ಬಾರಿಗೆ ನೋಂದಣಿಯಾಗುತ್ತಿರುವ 45 ಲಕ್ಷದವರೆಗಿನ ಫ್ಲ್ಯಾಟ್‌ಗಳಿಗೆ ಮುದ್ರಾಂಕ ಶುಲ್ಕ ಕಡಿಮೆ ಇದೆ. ಆದರೆ ಕಟ್ಟಡ ಇನ್ನೂ ನಡೆಯುತ್ತಿದ್ದರೆ ಜಿಎಸ್‌ಟಿ ಬೀಳುತ್ತದೆ: ಕೈಗೆಟಕುವ ವಸತಿಯ ವರ್ಗಕ್ಕೆ ಶೇ 1, ಉಳಿದವಕ್ಕೆ ಶೇ 5. ಪೂರ್ಣಗೊಂಡು ಸ್ವಾಧೀನಾನುಭವ ಪತ್ರ ಪಡೆದ ಮನೆಗೆ ಜಿಎಸ್‌ಟಿ ಇಲ್ಲ. ಕಡಿಮೆ ಹಣದವರು ಕಟ್ಟುತ್ತಿರುವ ಕಟ್ಟಡದಲ್ಲಿ ಕೊಳ್ಳಬಾರದು ಎನ್ನಲು ನನಗೆ ಇನ್ನೊಂದು ಕಾರಣವಿದೆ: ಕೀಲಿ ಕೈಗೆ ಬರುವವರೆಗೆ ಬಡ್ಡಿ ಹೋಗುತ್ತಲೇ ಇರುತ್ತದೆ, ಬಾಡಿಗೆ ಬರುವುದಿಲ್ಲ.

ಹಂತ 3: ತಿಂಗಳ ಅಂತರವನ್ನು ಒಪ್ಪಿಕೊಳ್ಳಿ

ಅದೇ 32 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ. ಇಎಂಐ ಸುಮಾರು 27,770. ಮನೆಗೆ 12,000 ಬಾಡಿಗೆ ಬರುತ್ತದೆ ಎನ್ನೋಣ. ಅದರಲ್ಲಿ ಆಸ್ತಿ ತೆರಿಗೆ, ಸಣ್ಣಪುಟ್ಟ ರಿಪೇರಿಗೆಂದು 1,500, ವರ್ಷಕ್ಕೊಂದು ತಿಂಗಳು ಖಾಲಿ ಇರುತ್ತದೆಂದು ಇನ್ನೊಂದು ಸಾವಿರ ಕಳೆಯಿರಿ. ಕೈಗೆ ಬರುವುದು 9,500. ಪ್ರತಿ ತಿಂಗಳು ನೀವು ಸೇರಿಸಬೇಕಾದದ್ದು 18,000ಕ್ಕೂ ಹೆಚ್ಚು.

ಈ ಬಾಡಿಗೆಯೊಂದರಿಂದಲೇ ತೀರುವಂಥ ಸಾಲ ಎಷ್ಟು? ಸುಮಾರು 11 ಲಕ್ಷ. ನಲವತ್ತು ಲಕ್ಷದ ಮನೆಗೆ ಹನ್ನೊಂದು ಲಕ್ಷ ಸಾಲ! ಮನೆ ನೋಡಲು ಹೋಗುವ ಮುನ್ನ ಈ ಅಂಕಿ ತಿಳಿದಿದ್ದರೆ ಮಧ್ಯವರ್ತಿಯ ಅರ್ಧ ಮಾತುಗಳು ತಾವಾಗಿಯೇ ಉದುರಿಹೋಗುತ್ತವೆ.

ಈಗ ಒಂದು ಪರೀಕ್ಷೆ ಮಾಡಿ. ಆ ಹದಿನೆಂಟು ಸಾವಿರವನ್ನು ಇಂದಿನಿಂದಲೇ, ಮನೆ ಕೊಳ್ಳುವ ಮೊದಲೇ, ಪ್ರತಿ ತಿಂಗಳು ಐದನೇ ತಾರೀಕು ಆರ್‌ಡಿಗೆ ಹಾಕಿ. ಆರು ತಿಂಗಳು ಯಾವುದೇ ತೊಂದರೆಯಿಲ್ಲದೆ ಕಟ್ಟಲು ಸಾಧ್ಯವಾದರೆ ನೀವು ಆ ಸಾಲ ಹೊರಬಲ್ಲಿರಿ, ಜೊತೆಗೆ ಒಂದು ಲಕ್ಷಕ್ಕೂ ಮಿಕ್ಕಿ ಮೀಸಲು ಕೂಡಿರುತ್ತದೆ. ಮಕ್ಕಳ ಶಾಲಾ ಶುಲ್ಕದ ತಿಂಗಳಿನಲ್ಲೋ ಗೌರಿ–ಗಣೇಶ ಹಬ್ಬದ ತಿಂಗಳಿನಲ್ಲೋ ಕೈ ಸಾಲ ಮಾಡಬೇಕಾಯಿತು ಎಂದರೆ ಉತ್ತರ ಮನೆ ಕೊಳ್ಳುವ ಮೊದಲೇ ಸಿಕ್ಕಿತು.

ಹಂತ 4: ಮನೆಯ ಮೇಲೊಂದು ಮನೆ

ಸ್ವಂತ ಮನೆ ಇರುವವರು ಫ್ಲ್ಯಾಟ್ ಹುಡುಕುವ ಮೊದಲು ತಮ್ಮ ತಾರಸಿ ಹತ್ತಿ ನೋಡಬೇಕು. ಮೈಸೂರು, ಹುಬ್ಬಳ್ಳಿ, ದಾವಣಗೆರೆ, ತುಮಕೂರಿನ ಬಡಾವಣೆಗಳಲ್ಲಿ ಬಾಡಿಗೆ ಮನೆಗಳು ಬಹುಪಾಲು ಹುಟ್ಟಿದ್ದು ಹೀಗೆಯೇ: ಮಾಲೀಕರು ಕೆಳಗೆ, ಬಾಡಿಗೆಯವರು ಮೇಲೆ. ಇದರಲ್ಲಿ ಜಾಣತನವಿದೆ. ನಿವೇಶನದ ಹಣ ಎಂದೋ ಹೋಗಿದೆ, ಹೊಸದಾಗಿ ಹಾಕುವುದು ಕಟ್ಟಡಕ್ಕೆ ಮಾತ್ರ. 500 ಚದರಡಿಯ ಒಂದು ಕೋಣೆಯ ಮನೆ, ಚದರಡಿಗೆ 2,000 ರೂಪಾಯಿ ಎಂದು ಹಿಡಿದರೆ ಹತ್ತು ಲಕ್ಷ. ಎಂಟು ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 96,000, ಅಂದರೆ ಶೇ 9.6. ಫ್ಲ್ಯಾಟಿನ ಶೇ 3ರ ಮುಂದೆ ಇದನ್ನು ಇಟ್ಟು ನೋಡಿ. ನೋಂದಣಿ ಖರ್ಚಿಲ್ಲ, ಹಣವೂ ಒಂದೇ ದಿನ ಹೋಗುವುದಿಲ್ಲ. ಕಂಬ, ತಾರಸಿ, ಗಾರೆ, ನೆಲ ಎಂದು ಹಂತಹಂತವಾಗಿ ಹೋಗುತ್ತದೆ. ಗುತ್ತಿಗೆದಾರನಿಗೂ ಹಾಗೆಯೇ ಕೊಡಿ, ಮುಗಿದ ಕೆಲಸಕ್ಕೆ ಮಾತ್ರ.

ತೊಡಕುಗಳು ಇಲ್ಲದಿಲ್ಲ. ತಳಪಾಯವೂ ಕಂಬಗಳೂ ಇನ್ನೊಂದು ಅಂತಸ್ತು ತಾಳುತ್ತವೆಯೇ ಎಂದು ಎಂಜಿನಿಯರ್ ನೋಡಲೇಬೇಕು. ಪರವಾನಗಿ ಬೇಕು, ಪ್ರತ್ಯೇಕ ವಿದ್ಯುತ್ ಮೀಟರಿಗೆ ಯಾವ ಕಾಗದ ಕೇಳುತ್ತಾರೆಂದು ಇಟ್ಟಿಗೆ ತರುವ ಮೊದಲೇ ವಿಚಾರಿಸಿ. ಅಂದಾಜಿಗಿಂತ ಶೇ 15ರಷ್ಟು ಹೆಚ್ಚು ಕೈಯಲ್ಲಿರಲಿ. ಅರ್ಧಕ್ಕೆ ನಿಂತ ಮಹಡಿ ಒಂದು ರೂಪಾಯಿಯನ್ನೂ ತರುವುದಿಲ್ಲ. ಮೆಟ್ಟಿಲು ಹೊರಗಿನಿಂದ ಇರಲಿ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮನೆ ಯಾರ ಹೆಸರಿನಲ್ಲಿದೆ ಎಂಬುದು. ಅಪ್ಪನ ಹೆಸರಿನ ಮನೆಯ ಮೇಲೆ ಮಗ ತನ್ನ ದುಡ್ಡಿನಲ್ಲಿ ಕಟ್ಟಿದರೆ ದಾಖಲೆಯಲ್ಲಿ ಅದು ಅಪ್ಪನ ಆಸ್ತಿಯೇ. ನಾಳೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಪಾಲು ಕೇಳಿದಾಗ ‘ಮೇಲಿನದು ನಾನು ಕಟ್ಟಿಸಿದ್ದು’ ಎಂಬ ಮಾತು ಸಾಕಾಗುವುದಿಲ್ಲ. ಎಲ್ಲರೂ ಚೆನ್ನಾಗಿರುವಾಗಲೇ ವಕೀಲರೊಬ್ಬರನ್ನು ಕೂರಿಸಿಕೊಂಡು ಬರಹದಲ್ಲಿ ಇಡಿ. ಈ ಮಾತು ಎತ್ತಲು ಮುಜುಗರವೆನಿಸಿದರೆ ಕಟ್ಟಡವನ್ನೇ ಮುಂದೂಡಿ.

ಹಂತ 5: ಸಾಲ ಆರಿಸುವಾಗ

ಬದಲಾಗುವ ಬಡ್ಡಿಯ ಸಾಲ ಎಷ್ಟು ಬೇಗ ಏರಬಲ್ಲದು ಎಂಬುದನ್ನು ನಾವು ಇತ್ತೀಚೆಗಷ್ಟೇ ನೋಡಿದ್ದೇವೆ. 2022ರ ಮೇ ಆರಂಭದಲ್ಲಿ ಶೇ 4 ಇದ್ದ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) 2023ರ ಫೆಬ್ರುವರಿ ಹೊತ್ತಿಗೆ ಶೇ 6.5 ಆಗಿತ್ತು. 32 ಲಕ್ಷದ 20 ವರ್ಷದ ಸಾಲಕ್ಕೆ ಶೇ 7 ಬಡ್ಡಿಯಲ್ಲಿ ಇಎಂಐ ಸುಮಾರು 24,800, ಶೇ 9.5 ಆದರೆ 29,800. ಬಡ್ಡಿ ಏರಿದಾಗ ಇಎಂಐ ಹೆಚ್ಚಿಸಬೇಕೇ, ಅವಧಿ ಹಿಗ್ಗಿಸಬೇಕೇ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ಹಣ ಬಿಗಿಯಿರುವಾಗ ಅವಧಿ ಹಿಗ್ಗಿಸಿ, ಸಡಿಲವಾದಾಗ ಅಸಲಿಗೆ ಕಟ್ಟಿ. ವ್ಯಕ್ತಿಗಳ ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಅವಧಿಪೂರ್ವ ಪಾವತಿಯ ದಂಡವಿಲ್ಲ. ಇದೇ ಕಾರಣಕ್ಕೆ ಆರಂಭದಲ್ಲಿ 15 ವರ್ಷಕ್ಕಿಂತ 20 ವರ್ಷದ ಸಾಲವೇ ಮೇಲೆಂಬುದು ನನ್ನ ಅಭಿಪ್ರಾಯ. ಕಡ್ಡಾಯದ ಕಂತು ಚಿಕ್ಕದಾಗಿರಲಿ, ಸ್ವಂತ ಇಷ್ಟದಿಂದ ಕಟ್ಟುವುದು ದೊಡ್ಡದಾಗಿರಲಿ.

ಎಸ್‌ಬಿಐನ ಮ್ಯಾಕ್ಸ್‌ಗೇನ್ ಮಾದರಿಯ ಓವರ್‌ಡ್ರಾಫ್ಟ್ ಗೃಹಸಾಲವನ್ನು ಕೇಳಿ ನೋಡಿ. ನಿಮ್ಮ ಮೀಸಲು ಹಣವನ್ನು ಸಾಲದ ಖಾತೆಯಲ್ಲೇ ಇಟ್ಟರೆ ಅಷ್ಟರ ಮಟ್ಟಿಗೆ ಬಡ್ಡಿ ಕಡಿಮೆಯಾಗುತ್ತದೆ. ಬೇಕಾದಾಗ ವಾಪಸ್ ತೆಗೆಯಬಹುದು. ಮಾಮೂಲಿ ಸಾಲದಲ್ಲಿ ಅಸಲಿಗೆ ಕಟ್ಟಿದ ಹಣ ಮತ್ತೆ ಕೈಗೆ ಬರುವುದಿಲ್ಲ. ಬಡ್ಡಿ ದರ ತುಸು ಹೆಚ್ಚಿರಬಹುದು, ಹೋಲಿಸಿ ನೋಡಿಕೊಳ್ಳಿ. ಕೈಗೆ ಹಣವಿದ್ದರೆ ಖರ್ಚಾಗುವ ಸ್ವಭಾವದವರಿಗೆ ಇದು ಬೇಡ.

ಮಾರುವವರು ‘ಇಷ್ಟು ಬಿಳಿ, ಇಷ್ಟು ಕಪ್ಪು’ ಎಂದರೆ ಕಾನೂನು, ನೀತಿಗಳಿಗೂ ಮೊದಲು ನಿಮ್ಮ ಜೇಬಿನ ದೃಷ್ಟಿಯಿಂದ ಯೋಚಿಸಿ. ಬ್ಯಾಂಕು ಕ್ರಯಪತ್ರದ ಬೆಲೆಯ ಮೇಲೆ ಮಾತ್ರ ಸಾಲ ಕೊಡುತ್ತದೆ. ನಲವತ್ತರಲ್ಲಿ ಹತ್ತು ಲಕ್ಷ ನಗದು ಎಂದರೆ ಆ ಹತ್ತೂ ನಿಮ್ಮ ಉಳಿತಾಯದಿಂದ ಹೋಗಬೇಕು. ಮುಂದೆ ಮಾರುವಾಗ ಲಾಭದ ತೆರಿಗೆಯೂ ಆ ಹತ್ತರ ಮೇಲೆ ನಿಮ್ಮ ಮೇಲೆಯೇ ಬೀಳುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಅಂಥ ಮನೆ ಬಿಟ್ಟುಬಿಡಿ.

ಹಂತ 6: ಕಾಗದಪತ್ರ

ಇದಕ್ಕೇ ಬೇರೆ ಲೇಖನ ಬೇಕು. ಹಣದ ದೃಷ್ಟಿಯಿಂದ ಒಂದೇ ಮಾತು. ಬಿ–ಖಾತಾ ಆಸ್ತಿ (ಪೂರ್ಣ ಅನುಮೋದನೆ ಇಲ್ಲದೆ, ತೆರಿಗೆಗಷ್ಟೇ ದಾಖಲಾದದ್ದು) ಅಗ್ಗವಾಗಿ ಕಾಣುತ್ತದೆ, ಆದರೆ ಹೆಚ್ಚಿನ ಬ್ಯಾಂಕುಗಳು ಅದಕ್ಕೆ ಸಾಲ ಕೊಡುವುದಿಲ್ಲ. ನಾಳೆ ನಿಮ್ಮಿಂದ ಕೊಳ್ಳುವವರಿಗೂ ಸಾಲ ಸಿಗುವುದಿಲ್ಲ. ತುರ್ತಿನಲ್ಲಿ ಮಾರಲಾಗದ ಆಸ್ತಿ ಕಡಿಮೆ ಹಣದವರಿಗಲ್ಲ. ಇ–ಖಾತಾ (ಆಸ್ತಿಯ ಡಿಜಿಟಲ್ ಖಾತಾ), ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ), ಹಿಂದಿನ ಕ್ರಯಪತ್ರಗಳನ್ನು ಸ್ವಂತ ವಕೀಲರಿಂದ ನೋಡಿಸಿ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು.

ಹಂತ 7: ಬಾಡಿಗೆಯೋ ಭೋಗ್ಯವೋ

ಬೆಂಗಳೂರಿನಲ್ಲಿ ಹೊಸ ಮಾಲೀಕರು ಹೆಚ್ಚು ಮುಗ್ಗರಿಸುವ ಜಾಗ ಇದು. ಭೋಗ್ಯಕ್ಕೆ ಹಾಕಿದರೆ ಒಂದೇ ಸಲ ದೊಡ್ಡ ಮೊತ್ತ ಕೈಗೆ ಬರುತ್ತದೆ, ತಿಂಗಳ ಬಾಡಿಗೆ ಇರುವುದಿಲ್ಲ, ಎರಡು ಮೂರು ವರ್ಷದ ನಂತರ ಪೂರ್ತಿ ಮೊತ್ತ ವಾಪಸ್. ಹಣವಿಲ್ಲದವರಿಗೆ ಇದು ವರದಂತೆ ಕಾಣುತ್ತದೆ. ಲೆಕ್ಕ ಹಾಕಿ: 15,000 ಬಾಡಿಗೆ ಬರುವ ಮನೆಯನ್ನು ಹತ್ತು ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ವರ್ಷಕ್ಕೆ ಬಿಟ್ಟುಕೊಡುವ ಬಾಡಿಗೆ 1,80,000. ಅಂದರೆ ನೀವು ಶೇ 18ರ ಬಡ್ಡಿಗೆ ಸಾಲ ತೆಗೆದಿದ್ದೀರಿ. ಗೃಹಸಾಲ ಅದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತಿತ್ತು.

ಅಪಾಯ ಬಡ್ಡಿಯಲ್ಲಷ್ಟೇ ಇಲ್ಲ. ಆ ಹತ್ತು ಲಕ್ಷವನ್ನು ಸಾಲ ತೀರಿಸಲೋ ಇನ್ನೊಂದು ನಿವೇಶನಕ್ಕೋ ಹಾಕಿರುತ್ತೀರಿ. ಅವಧಿ ಮುಗಿದ ದಿನ ಭೋಗ್ಯದವರು ಗಂಟು ಕೇಳುತ್ತಾರೆ. ಮುಂದಿನ ಭೋಗ್ಯದವರು ಸಿಕ್ಕಿರುವುದಿಲ್ಲ. ಹಣ ಕೊಡುವವರೆಗೆ ಅವರು ಮನೆ ಬಿಡುವುದಿಲ್ಲ, ಬಿಡಬೇಕೆಂದು ಹೇಳುವುದೂ ನ್ಯಾಯವಲ್ಲ. ಅದು ಅವರ ಜೀವಮಾನದ ಉಳಿತಾಯವಾಗಿರಬಹುದು. ಮನೆ ಈಗಾಗಲೇ ಬ್ಯಾಂಕಿನ ಅಡಮಾನದಲ್ಲಿದ್ದರೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಭೋಗ್ಯಕ್ಕೆ ಹಾಕುವುದು ಇಬ್ಬರಿಗೂ ಮೋಸ. ಬಾಡಿಗೆಯೇ ಬರದಿದ್ದರೂ ಆ ಪ್ರದೇಶದಲ್ಲಿ ಬರಬಹುದಾಗಿದ್ದ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯಲು ತೆರಿಗೆ ಕಾನೂನಿನಲ್ಲಿ ಅವಕಾಶವಿದೆ ಎಂಬುದೂ ನೆನಪಿರಲಿ.

ಆದ್ದರಿಂದ ಬಾಡಿಗೆಗೆ ಕೊಡಿ. ಅಡ್ವಾನ್ಸ್ ಎಷ್ಟು ಪಡೆಯಬೇಕು? ಬೆಂಗಳೂರಿನ ಹಳೆಯ ವಾಡಿಕೆ ಹತ್ತು ತಿಂಗಳ ಬಾಡಿಗೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಸತಿಗೆ ಹೇಳುವುದು ಎರಡೇ ತಿಂಗಳು. ಎಷ್ಟೇ ಪಡೆಯಿರಿ, ಅದು ನಿಮ್ಮ ಹಣವಲ್ಲ. ಬೇರೆ ಖಾತೆಯಲ್ಲಿ ಎಫ್‌ಡಿ ಮಾಡಿ, ಬಡ್ಡಿ ಮಾತ್ರ ನಿಮ್ಮದು. ಹಳೆಯವರ ಅಡ್ವಾನ್ಸನ್ನು ಹೊಸಬರ ಅಡ್ವಾನ್ಸಿನಿಂದ ತೀರಿಸುವ ಪದ್ಧತಿ ಮನೆ ಒಂದು ತಿಂಗಳು ಖಾಲಿ ಬಿದ್ದ ಕೂಡಲೇ ಕುಸಿಯುತ್ತದೆ.

ಹಂತ 8: ಮನೆ ಖಾಲಿ ಬೀಳದಂತೆ

ಹನ್ನೆರಡು ಸಾವಿರದ ಮನೆ ಒಂದು ತಿಂಗಳು ಖಾಲಿ ಇದ್ದರೆ ವರ್ಷವಿಡೀ ತಿಂಗಳಿಗೆ ಸಾವಿರ ರೂಪಾಯಿ ಕಡಿಮೆ ಪಡೆದಂತೆ. ಐನೂರಕ್ಕೆ ಚೌಕಾಸಿ ಮಾಡುತ್ತಾ ಒಳ್ಳೆಯ ಕುಟುಂಬವನ್ನು ಕಳೆದುಕೊಳ್ಳಬೇಡಿ.

ನಮ್ಮ ಪಂಚಾಂಗಕ್ಕೂ ಇಲ್ಲಿ ಕೈಯಿದೆ. ಆಷಾಢದಲ್ಲೂ ಧನುರ್ಮಾಸದಲ್ಲೂ ಎಷ್ಟೋ ಕುಟುಂಬಗಳು ಮನೆ ಬದಲಿಸುವುದಿಲ್ಲ. ಜೂನ್ ಕೊನೆಗೆ ಖಾಲಿಯಾದ ಮನೆ ಶ್ರಾವಣದವರೆಗೆ ಹಾಗೆಯೇ ಉಳಿಯಬಹುದು. ಕರಾರಿನ 11 ತಿಂಗಳು ಏಪ್ರಿಲ್–ಮೇ ಹೊತ್ತಿಗೆ, ಶಾಲೆ ಬದಲಾಗುವ ಕಾಲಕ್ಕೆ ಮುಗಿಯುವಂತೆ ನೋಡಿಕೊಳ್ಳಿ. ಎರಡು ತಿಂಗಳ ನೋಟಿಸ್ ಎಂದು ಬರೆಯಿಸಿ.

ಬಾಡಿಗೆ ಬರುವ ದಿನ ಇಎಂಐ ಹೋಗುವ ದಿನಕ್ಕಿಂತ ಮೊದಲಿರಲಿ: ಬಾಡಿಗೆ ಒಂದರಿಂದ ಐದರೊಳಗೆ, ಇಎಂಐ ಹತ್ತಕ್ಕೆ. ಸಾಲ ಮಂಜೂರಾಗುವಾಗಲೇ ಈ ತಾರೀಕನ್ನು ಕೇಳಿ ಪಡೆಯಲು ನೋಡಿ. ಬಾಡಿಗೆಗೆಂದೇ ಒಂದು ಖಾತೆ ತೆರೆಯಿರಿ. ಮನೆಯ ದಿನಸಿ ಅದರಿಂದ ಹೋಗಬಾರದು.

ರಿಪೇರಿಯಲ್ಲಿ ಕ್ರಮ ಮುಖ್ಯ. ನೀರು ಸೋರುವುದು ಮೊದಲು, ವಿದ್ಯುತ್ ಆಮೇಲೆ, ಬಣ್ಣ ಕೊನೆಗೆ. ತಾರಸಿಯ ಬಿರುಕನ್ನು ಮೇ ತಿಂಗಳಲ್ಲಿ ಮುಚ್ಚಿದರೆ ಕೆಲವು ಸಾವಿರ. ಮಳೆಗಾಲ ಕಳೆದ ಮೇಲೆ ಗೋಡೆ, ಬಣ್ಣ, ವೈರಿಂಗ್ ಎಲ್ಲವೂ ಸೇರಿಕೊಳ್ಳುತ್ತದೆ. ಮಲೆನಾಡು, ಕರಾವಳಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ‘ಭಾರತ್ ಗೃಹ ರಕ್ಷಾ’ ಎಂಬ ಪ್ರಮಾಣಿತ ಮನೆ ವಿಮೆ 2021ರಿಂದ ಇದೆ, ಕಂತು ದುಬಾರಿಯಲ್ಲ. ಬೆಂಕಿ, ಪ್ರವಾಹದಂಥ ಹೊಡೆತಗಳಿಗೆ ಮೀಸಲು ಹಣ ಎಂದೂ ಸಾಕಾಗುವುದಿಲ್ಲ.

ಹಂತ 9: ತೆರಿಗೆಯಿಂದ ಉಳಿಯುವುದೆಷ್ಟು

ಕಟ್ಟಿದ ಆಸ್ತಿ ತೆರಿಗೆಯನ್ನು ಬಾಡಿಗೆಯಿಂದ ಕಳೆದು, ಉಳಿದದ್ದರಲ್ಲಿ ಶೇ 30ನ್ನು ರಿಪೇರಿ ಮಾಡಿಸಿದ್ದರೂ ಇಲ್ಲದಿದ್ದರೂ ಕಳೆಯಬಹುದು. ನಂತರ ಸಾಲದ ಬಡ್ಡಿ. ನಮ್ಮ ಉದಾಹರಣೆಯಲ್ಲಿ ಬಾಡಿಗೆ 1,44,000, ಮೊದಲ ವರ್ಷದ ಬಡ್ಡಿಯೇ ಸುಮಾರು 2,70,000. ತೆರಿಗೆಗೆ ಏನೂ ಉಳಿಯುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಈ ನಷ್ಟವನ್ನು 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಹಾಗೆ ಕಳೆಯಲು ಬರುವುದಿಲ್ಲ. ‘ತೆರಿಗೆ ಉಳಿಯುತ್ತದೆ’ ಎಂದು ಮನೆ ಕೊಳ್ಳುವವರು ತಾವು ಯಾವ ಪದ್ಧತಿಯಲ್ಲಿದ್ದೇವೆಂದು ಮೊದಲು ನೋಡಬೇಕು. ಇನ್ನು ದುಬೈ, ಮಸ್ಕತ್ ಅಥವಾ ಅಮೆರಿಕದಲ್ಲಿದ್ದು ಊರಿನಲ್ಲಿ ಮನೆ ಬಾಡಿಗೆಗೆ ಕೊಡುವ ಅನಿವಾಸಿಗಳಿಗೆ ಬಾಡಿಗೆದಾರರು ತೆರಿಗೆ ಹಿಡಿದೇ ಬಾಡಿಗೆ ಕೊಡಬೇಕಾಗುತ್ತದೆ. ದರ ಶೇ 30ಕ್ಕೂ ಮೇಲಿದೆ, ರಿಟರ್ನ್ ಸಲ್ಲಿಸಿ ವಾಪಸ್ ಪಡೆಯುವವರೆಗೆ ಆ ಹಣ ಕೈಗಿಲ್ಲ. ಮೀಸಲನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಿ.

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಮಾಡಲು ಎರಡು ಕೆಲಸಗಳಿವೆ. ಆಸ್ತಿ ತೆರಿಗೆಯನ್ನು ಆ ತಿಂಗಳೊಳಗೆ ಪೂರ್ತಿ ಕಟ್ಟಿದರೆ ಬೆಂಗಳೂರಿನಲ್ಲಿ ಶೇ 5 ರಿಯಾಯಿತಿ ಇದೆ. ಬಾಡಿಗೆಗೆ ಕೊಟ್ಟ ಮನೆಯನ್ನು ಸ್ವಂತ ವಾಸದ್ದೆಂದು ಘೋಷಿಸಬೇಡಿ; ಸಿಕ್ಕಿಬಿದ್ದರೆ ವ್ಯತ್ಯಾಸದ ಜೊತೆ ದಂಡವೂ ಒಟ್ಟಿಗೇ ಬರುತ್ತದೆ. ಎರಡನೆಯದು, ಬ್ಯಾಂಕಿಗೆ ಹೋಗಿ ಹೊಸ ಸಾಲಗಾರರಿಗೆ ಈಗ ಎಷ್ಟು ಬಡ್ಡಿ ಎಂದು ಕೇಳಿ. ನಿಮ್ಮದು ಅದಕ್ಕಿಂತ ಅರ್ಧ ಶೇಕಡಾ ಹೆಚ್ಚಿದ್ದರೆ ದರ ಬದಲಾವಣೆಗೆ ಅರ್ಜಿ ಕೊಡಿ. ಸಣ್ಣ ಶುಲ್ಕ ಇರುತ್ತದೆ. 32 ಲಕ್ಷದ ಸಾಲದಲ್ಲಿ ಅರ್ಧ ಶೇಕಡಾ ಎಂದರೆ ತಿಂಗಳಿಗೆ ಸಾವಿರ ರೂಪಾಯಿ. ಒಪ್ಪದಿದ್ದರೆ ಬೇರೆ ಬ್ಯಾಂಕಿನ ಮಂಜೂರಾತಿ ಪತ್ರದೊಂದಿಗೆ ಮತ್ತೆ ಹೋಗಿ.